ಅಷ್ಟೂ ಪ್ರತಿಗಳು

ತಾನು ಓದಿದ ಮಠದ ಹಾಸ್ಟೆಲ್ಲಿನಲ್ಲಿ ಸ್ವಾಮಿಗಳು ಹುಡುಗಿಯರ ಮೈಮುಟ್ಟುತ್ತಿದ್ದುದನ್ನು ಮಂದಾಕಿನಿ ಹೆಸರು ಬದಲಿಸಿ ಕಾಮಿಕ್ಸ್ ಪುಸ್ತಕ ಮಾಡಿದಳು. ಮಠ ಕೋರ್ಟಿಗೆ ಹೋಗಲಿಲ್ಲ. ಆ ಪುಸ್ತಕಕ್ಕೇ ತನ್ನ ಧರ್ಮ ಪ್ರಶಸ್ತಿ ಕೊಟ್ಟಿತು.

ವೇದಿಕೆಯಲ್ಲಿ ಅದೇ ಸ್ವಾಮಿಗಳು ಶಾಲು ಹೊದಿಸುತ್ತ ಹೆಗಲು ಸವರಿದರು. ಅವಳು ಹೆಗಲು ಸರಿಸಿಕೊಂಡಳು.

"ಅಷ್ಟೂ ಪ್ರತಿಗಳನ್ನು ನಾವೇ ಕೊಂಡು ನಮ್ಮ ಹಾಸ್ಟೆಲ್ಲಿಗೆ ಕಳಿಸಿದ್ದೇವೆ" ಎಂದು ಅವರು ಮೈಕಿನಲ್ಲಿ ಸಾರಿದರು.

ಹುಡುಗಿಯರು ಓದುತ್ತಾರಲ್ಲ ಎಂದು ಅವಳು ಎಲ್ಲವನ್ನೂ ನುಂಗಿಕೊಂಡಳು.

ಹಾಸ್ಟೆಲ್ಲಿನಲ್ಲೇ ಇಟ್ಟಿದ್ದ ಊಟ ಮುಗಿಸಿ ಕೈತೊಳೆಯಲು ಹಿತ್ತಿಲಿಗೆ ಹೋದಾಗ ಅಡುಗೆಯವಳು ಒಲೆಗೆ ಏನನ್ನೋ ತುರುಕುತ್ತಿದ್ದಳು.

"ಏನಮ್ಮಾ ಅದು?"

"ಯಾವ್ದೋ ಚಿತ್ರದ ಪುಸ್ತಕ ಕಣಕ್ಕಾ. ಮೂಟೆಮೂಟೆ ಕಳಿಸವ್ರೆ. ಈಗ ಪಾಯ್ಸ ಉಂಡ್ರಲ್ಲ, ಅದೂ ಇದ್ರಲ್ಲೇ ಬೆಂದಿದ್ದು."