ಒಂಬತ್ತನೇ ಪೋರ್ಟು

ಮೆಟ್ಟಿಲ ಕೆಳಗಿನ ಡಬ್ಬಿಯ ಬಾಗಿಲು ತೆರೆದು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಇಂಟರ್ನೆಟ್ ಕಂಪನಿಯ ಇಂಜಿನಿಯರಮ್ಮ ಮನೆ ಮನೆಗೂ ನೆಟ್ ಹಂಚುವ ಸ್ವಿಚ್ಚಿನಲ್ಲಿ ವೈರು ಸಿಕ್ಕಿಸುವ ಪೋರ್ಟುಗಳಿಗೆ, ಕೊನೆಯದರಿಂದ ಹಿಂದಕ್ಕೆ, ಒಂದೊಂದಾಗಿ ಬೀಗ ಹಾಕುತ್ತಿದ್ದಳು. ಇನ್ನು ಮೇಲೆ ರಿಜಿಸ್ಟರಿನಲ್ಲಿರುವ ಮನೆಯ ರೂಟರಿಗಷ್ಟೇ ಆ ಪೋರ್ಟಿನಲ್ಲಿ ನೆಟ್. ನೆಟ್‌ನಲ್ಲಿ ಒಬ್ಬರ ಗುರುತಾದ ಐಪಿ ವಿಳಾಸವನ್ನು ಇನ್ನೊಬ್ಬರು ಕದಿಯುವಂತಿಲ್ಲ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಒಂದು ಐಪಿ ವಿಳಾಸ ಕೊಟ್ಟು ಕೇಳಿದ್ದರು: ಶಾಲೆಯ ಟೀಚರಿಗೆ ಕಳೆದ ವಾರ ನೆಟ್‌ನಲ್ಲಿ ಕೊಲೆ ಬೆದರಿಕೆ ಹೋದದ್ದು ಯಾವ ಮನೆಯಿಂದ? ಹುಡುಕಿದರೆ ಆ ವಿಳಾಸ ಆ ದಿನ ಇದೇ ಸ್ವಿಚ್ಚಿನ ಒಂಬತ್ತನೇ ಪೋರ್ಟಿನಲ್ಲಿತ್ತು. ರಿಜಿಸ್ಟರಿನಲ್ಲಿ ಒಂಬತ್ತು ಎಂದರೆ ಮೊದಲ ಮಹಡಿಯ ಟೈಲರ್. ರೂಟರ್ ನಂಬರನ್ನೂ ತಾಳೆ ನೋಡಬೇಕಿತ್ತು. ಇನ್‌ಸ್ಪೆಕ್ಟರ್ ಅವಸರ ಮಾಡಿದರು, ಇವಳು ಹೆಸರು ಕೊಟ್ಟುಬಿಟ್ಟಳು. ತನ್ನ ಮಗಳ ಯೂನಿಫಾರ್ಮ್ ಹೊಲಿದುಕೊಟ್ಟ, ಗಟ್ಟಿಯಾಗಿ ಮಾತೂ ಆಡದ ಮನುಷ್ಯ! ಛೆ, ಯಾರ ಹೊಟ್ಟೆಯೊಳಗೆ ಏನಿದೆಯೋ ಯಾರಿಗೆ ಗೊತ್ತು?

ಒಂಬತ್ತಕ್ಕೆ ಬೀಗ ಬಿದ್ದದ್ದೇ ತಡ, ಫೋನು ಬಂತು. ಮೂರನೇ ಮಹಡಿಯವರು.

"ಏನ್ರೀ, ಇದ್ದಕ್ಕಿದ್ದಂಗೆ ನೆಟ್ ಹೋಯ್ತಲ್ರೀ!"

ಬೀಗ ಹಾಕಿದ್ದು ಟೈಲರನ ಪೋರ್ಟಿಗೆ, ಕೂಗು ಮೂರನೇ ಮಹಡಿಯಿಂದ. ಅವಳು ಪಕ್ಕದಲ್ಲಿದ್ದ, ವೈರು ಎಳೆಯುವ ಲೈನ್‌ಮನ್ ಕಡೆ ತಿರುಗಿದಳು.

"ಅಣ್ಣಾ, ಒಂಬತ್ತರಲ್ಲಿ ಇರೋದು ಯಾರ ವೈರು?"

ಅವನು ತಲೆ ಕೆರೆದುಕೊಂಡ. "ಹೋದ ತಿಂಗಳು ಸ್ವಿಚ್ ಸುಟ್ಟೋಯ್ತಲ್ಲ ಮೇಡಂ, ಹೊಸದು ಕೂರಿಸ್ದಾಗ ಟೈಲರ್ ವೈರು ಒಂಬತ್ತಕ್ಕೆ ಎಟುಕ್ಲಿಲ್ಲ. ಐದಕ್ಕೆ ಹಾಕ್ದೆ. ಐದರಲ್ಲಿದ್ದ ಮೂರನೇ ಮಹಡಿ ವೈರನ್ನ ಒಂಬತ್ತಕ್ಕೆ ಹಾಕ್ದೆ. ಇಬ್ರಿಗೂ ನೆಟ್ ಬಂತು, ಸುಮ್ನಾದೆ."

"ಬರೆದಿಡಬಾರದಿತ್ತಾ?"

"ಇದನ್ನೆಲ್ಲ ಯಾರು ಕೇಳ್ತಾರೆ ಅಂದ್ಕೊಂಡೆ."

"ಪೊಲೀಸ್ ಕೇಳಿದ್ರು ಅಣ್ಣಾ! ನಾನು ಟೈಲರ್ ಹೆಸರು ಹೇಳ್ಬಿಟ್ಟೆ!"

ತಕ್ಷಣ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು. ರಿಂಗಾದದ್ದು ತಲೆಯ ಮೇಲೆಯೇ, ಮೊದಲ ಮಹಡಿಯಲ್ಲಿ. ಸ್ವಲ್ಪ ಹೊತ್ತಿಗೆ ಮುಂಚೆ ಬೂಟಿನ ಸದ್ದು ಮೆಟ್ಟಿಲು ಹತ್ತಿ ಹೋಗಿತ್ತು. ಡಬ್ಬಿಯೊಳಗೆ ತಲೆ ಹಾಕಿದ್ದ ಇಬ್ಬರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಟೈಲರನನ್ನು ಕೆಳಗೆ ಕರೆತರುತ್ತಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ಹಿಂದೆ ಹೆಂಡತಿಯ ಅಳು, ಬಾಗಿಲು ಬಾಗಿಲಿನಲ್ಲೂ ಅಕ್ಕಪಕ್ಕದವರು. ಡಬ್ಬಿಯ ಬಳಿ ಇವಳನ್ನು ಕಂಡದ್ದೇ ಅವನಿಗೆ ಹೋದ ಜೀವ ಬಂದಂತಾಯಿತು.

"ಸಾರ್, ನನ್ನ ಮಾತು ನಂಬಬೇಡಿ ಬಿಡಿ. ಈ ಅಕ್ಕನ್ನ ಕೇಳಿ. ಯಾವ ಮನೆಯಿಂದ ಏನು ಹೋಯ್ತು ಅನ್ನೋದೆಲ್ಲ ಅವರ ಹತ್ರ ಇರುತ್ತೆ. ಅವರು ಯಾರ ಹೆಸರು ಹೇಳ್ತಾರೋ, ಅವನನ್ನೇ ಹಿಡ್ಕೊಂಡು ಹೋಗಿ!"