ಅರ್ಧ ಅಡಿ ಕೆಳಗೆ

ಗುರುತು ಮತ್ತೆ ಕೆಳಗಿಳಿದಿತ್ತು.

ಪ್ಲಂಬರ್ ಟೇಪು ಹಿಡಿದು ನೋಡಿದ. ಕೈ ತೊಳೆಯುವ ಬೇಸಿನ್ನಿಗೆಂದು ನಿನ್ನೆ ಸಂಜೆ ತಾನೇ ಮರದ ಕಂಬದ ಮೇಲೆ ಗೆರೆ ಎಳೆದಿದ್ದ. ಯಾರೋ ಅದನ್ನು ಹೊಡೆದುಹಾಕಿ, ಸರಿಯಾಗಿ ಅರ್ಧ ಅಡಿ ಕೆಳಗೆ ಇನ್ನೊಂದು ಎಳೆದಿದ್ದರು. ಇದು ಮೂರನೆಯ ಸಲ.

ಮನೆಯೆಂದರೆ ಇನ್ನೂ ಬರೀ ಎಲುಬು. ಗೋಡೆ ಬರಬೇಕಾದಲ್ಲಿ ಸಾಲು ಸಾಲು ಕಂಬ, ಕಂಬಗಳಲ್ಲಿ ತೂತು, ತೂತುಗಳಲ್ಲಿ ಪೈಪು. ಗಾಳಿ ಬೀಸಿದರೆ ಬಾಯಿ ತೆರೆದ ಪೈಪುಗಳೆಲ್ಲ ಒಟ್ಟಿಗೆ ಊಳಿಡುತ್ತಿದ್ದವು.

"ಭಾವ, ಇದು ನಿನ್ನ ಕೆಲಸವಾ?"

ಅಕ್ಕನ ಗಂಡನಾದ ಬಡಗಿ ಬಾಯಲ್ಲಿ ಕಚ್ಚಿದ್ದ ಮೊಳೆ ತೆಗೆದ. "ನಿನ್ನ ಪೈಪಿನ ತಂಟೆಗೆ ನಾನ್ಯಾಕೆ ಬರಲಿ? ನನ್ನ ಬಾಗಿಲು ನೋಡಿದ್ಯಾ? ಒಂದು ಗೇಣು ಅಗಲ ಮಾಡು ಅಂತ ಗುರುತು. ಹೊಸ್ತಿಲೇ ಬೇಡವಂತೆ. ನಿಮ್ಮಕ್ಕ ದಪ್ಪ ಆಗಿದ್ದಾಳೆ ನಿಜ, ಆದ್ರೆ ಅವಳೇನು ಇಲ್ಲಿಗೆ ಬಂದು ಇರಲ್ಲವಲ್ಲ!"

ಬೇರೆ ದಿನವಾಗಿದ್ದರೆ ಪ್ಲಂಬರ್ ನಗುತ್ತಿದ್ದ.

ಹತ್ತು ಗಂಟೆಗೆ ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ ಬಂದರು. ದಿನಾ ಬರುತ್ತಿದ್ದರು. ಅವರ ಒಬ್ಬನೇ ಮಗ, ಆರು ವರ್ಷದವನು, ಅಡಿಪಾಯ ಹಾಕಿದ ತಿಂಗಳಲ್ಲೇ ಜ್ವರದಲ್ಲಿ ತೀರಿಕೊಂಡಿದ್ದ. ಅಂದಿನಿಂದ ತಾಯಿ ಈ ನೆಲದ ಮೇಲೆ ಕಂಬದಿಂದ ಕಂಬಕ್ಕೆ ಕೈಯೂರಿಕೊಂಡೇ ನಡೆಯುತ್ತಿದ್ದರು. ಆ ದಿನ ಒಂದು ಕಾಲಿನ ಚಪ್ಪಲಿ ಹಿಂದೆಯೇ ಉಳಿದದ್ದು ಅವರಿಗೆ ತಿಳಿಯಲಿಲ್ಲ. ಗಂಡ ಸದ್ದಿಲ್ಲದೆ ಎತ್ತಿ ತಂದು, ಕುಕ್ಕರಗಾಲಲ್ಲಿ ಕೂತು, ತೊಡಿಸಿದರು. ದುಃಖ ಮನುಷ್ಯರನ್ನು ಹೀಗೂ ಮಾಡುತ್ತದೆ ಎಂದುಕೊಂಡ ಪ್ಲಂಬರ್.

ಆಕೆ ಗೆರೆಯನ್ನು ಬೆರಳಿನಿಂದ ಸವರಿದರು.

"ನಿನ್ನೆನೂ ಬಂದಿದ್ದ ಅಲ್ವಾ?"

"ಯಾರಮ್ಮಾ?"

"ಅವನಿಗೆ ಕೈ ಎಟಕೋದು ಇಷ್ಟೇ. ಕೆಳಗಿನ ಪೈಪನ್ನೂ ಮೂಲೆಗೆ ಸರಿಸು ಅಂತ ಗುರುತು ಹಾಕಿದಾನೆ ನೋಡಿ. ಸ್ಟೂಲ್ ತೂರಿಸೋಕೆ ಜಾಗ ಬೇಕಲ್ಲ." ಆಕೆ ಬಾಗಿಲ ಕಡೆ ತಿರುಗಿದರು. "ಅದೂ ಅಗಲ ಆಗ್ಲೇಬೇಕು. ಸೈಕಲ್ಲು ಮನೆಯೊಳಗೇ ಓಡಿಸೋನು. ಹೊಸ್ತಿಲು ತಾಗಿ ಎಷ್ಟು ಸಲ ಬಿದ್ದಿದ್ದ!"

ಬಡಗಿ ಎತ್ತಿದ ಸುತ್ತಿಗೆ ಹಾಗೇ ನಿಂತಿತು.

"ಅವಳು ಹೇಳಿದ ಹಾಗೇ ಮಾಡಿ," ಎಂದರು ಗಂಡ, ಯಾರ ಮುಖವನ್ನೂ ನೋಡದೆ.

ಆಕೆ ಅತ್ತ ಹೋದ ಮೇಲೆ ಪ್ಲಂಬರ್ ದನಿ ತಗ್ಗಿಸಿದ. "ಸಾರ್, ನಾಳೆ ಹಲಗೆ ಬಡಿದು ಗೋಡೆ ಮುಚ್ತೀವಿ. ಆಮೇಲೆ ಪೈಪು ಕದಲಿಸೋಕೆ ಆಗಲ್ಲ. ಜೀವಮಾನವಿಡೀ ಅಮ್ಮಾವ್ರು ಇದರ ಮುಂದೆ ಬಗ್ಗಬೇಕು. ಬಗ್ಗಿದಾಗಲೆಲ್ಲ ಅವನೇ ನೆನಪಾಗ್ತಾನೆ."

"ಬಗ್ಗೋ ಹಾಗಿದ್ರೆ ಅಷ್ಟೇ ಸಾಕು," ಎಂದು ಅವರು ಹೆಂಡತಿಯ ಹಿಂದೆ ನಡೆದರು.

ಪ್ಲಂಬರನಿಗೆ ಸಂಜೆಯವರೆಗೂ ಕೆಲಸ ಕೈಗೆ ಹತ್ತಲಿಲ್ಲ. ಅವನ ತಾಯಿ, ಸತ್ತ ಕಿರಿಯ ಮಗನಿಗೆಂದು ಹನ್ನೊಂದು ವರ್ಷ ಊಟದ ಹೊತ್ತಿಗೆ ತಟ್ಟೆ ಇಟ್ಟು ಕಾದವಳು. ಬಾಗಿಲು ಅಲುಗಿದರೆ ಎದ್ದು ಹೋಗಿ ನೋಡುತ್ತಿದ್ದಳು. ಮನೆಯವರೆಲ್ಲ ಹೂಂಗುಟ್ಟಿದರು, ಅವಳು ಕಡೆಯವರೆಗೂ ಸರಿಹೋಗಲಿಲ್ಲ. ಈ ಹೆಂಗಸಿನ ಬುದ್ಧಿಯಾದರೂ ಉಳಿಯಬೇಕು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ತನ್ನ ಅಳತೆಗೇ ಪೈಪು ಬಿಗಿದುಬಿಡಬೇಕು. ಬೈದರೆ ಬೈಯಲಿ.

ಮರುದಿನ ಸೂರ್ಯ ಆಗಷ್ಟೇ ಮೇಲೆದ್ದಿದ್ದ. ಕಂಬಗಳ ನೆರಳು ನೆಲದುದ್ದಕ್ಕೂ ಸರಳು ಹಾಕಿದಂತೆ ಬಿದ್ದಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಮರದ ಮೇಲೆ ಪೆನ್ಸಿಲು ಗೀರುವ ಸದ್ದು.

ಸ್ಪ್ಯಾನರು ಬಿಗಿಹಿಡಿದು ಇಣುಕಿದ. ಬೇಸಿನ್ನಿನ ಜಾಗದಲ್ಲಿ, ಕಂಬಗಳ ಸಂದಿಯಲ್ಲಿ, ಒಂದು ತಲೆ ಕಂಡಿತು. ಆರು ವರ್ಷದ ಮಗುವಿನ ಎತ್ತರದಲ್ಲಿ.

ಆ ತಲೆ ಇತ್ತ ತಿರುಗಿತು. ಮನೆ ಯಜಮಾನರು. ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತಿದ್ದರು. ಮೊಣಕಾಲು ಗೆರೆಯ ಕೆಳಗೆ ತೂರಿಸಿ, ನಲ್ಲಿ ಬರುವ ಕಡೆಗೆ ಕೈ ಚಾಚಿದ್ದರು.

"ನೀವಾ ಸಾರ್!" ಭಯ ಇಳಿದು ಸಿಟ್ಟು ಏರಿತು. "ಅವರಿಗೆ ಹುಚ್ಚು ಹಿಡಿಸ್ತಿದ್ದೀರಿ. ಹೋದ ಮಗುವಿಗೆ ಯಾರಾದ್ರೂ ಮನೆ ಕಟ್ತಾರಾ?"

ಯಜಮಾನರು ಏಳಲಿಲ್ಲ. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡರು.

"ಅವನಿಗಲ್ಲ ಮೇಸ್ತ್ರಿ, ಅವಳಿಗೆ. ವರ್ಷದೊಳಗೆ ಎರಡೂ ಕಾಲು ಪೂರ್ತಿ ಸೋಲುತ್ತೆ, ಆಮೇಲೆ ಗಾಲಿಕುರ್ಚಿನೇ ಅಂದಿದ್ದಾರೆ ಡಾಕ್ಟರು. ಅವಳಿಗೆ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ, ಅಲ್ಲಿವರೆಗೆ ಮಗನೇ ಬಂದು ಹೋಗ್ತಿರಲಿ."