ಎಡಕ್ಕೆ ಹೋಗುವ ಬಾಣ

"ಇದೂ ಎಡಕ್ಕೇ ಹೋಗ್ತಿದೆ" ಎಂದು ವೆಂಡೆಲ್ ಗರಿಯಿಲ್ಲದ ಬಾಣವನ್ನು ಲೋರ್ನಾಳ ಬಿಲ್ಲುಬಾಣದ ಅಂಗಡಿಯ ಮೇಜಿನ ಮೇಲಿಟ್ಟ. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಬೆನ್ನ ಹಿಂದೆ ಒಲೆಯ ಮೇಲಿದ್ದ ಕಾಫಿಯ ಪಾತ್ರೆ ನೋಡಿದ. ಪಕ್ಕದ ತಟ್ಟೆಯಲ್ಲಿ ಏಲಕ್ಕಿ ಬ್ರೆಡ್ಡು ಆಗಲೇ ಹೆಚ್ಚಿಟ್ಟಿತ್ತು. ಶನಿವಾರ ಬೆಳಗಾದರೆ ಅವನು ಇಲ್ಲಿ ಹಾಜರು ಎಂದು ಇಡೀ ಊರಿಗೇ ಗೊತ್ತಿರುವಾಗ, ಬ್ರೆಡ್ಡು ಹೆಚ್ಚುವವಳಿಗೆ ಗೊತ್ತಿರುವುದಿಲ್ಲವೇ.

ವೆಂಡೆಲ್‌ಗೆ ವರ್ಷಗಟ್ಟಲೆ ದೇವದಾರು ಬಾಣ ಮಾಡಿಕೊಟ್ಟವನು ಲೋರ್ನಾಳ ಗಂಡ ಕಾರ್ಲ್. ಕಾರ್ಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಕೈಯ ಕೊನೆಯ ಬಾಣವೂ ಹೋದ ವರ್ಷ ಒಂದು ಜಿಂಕೆಯ ಪಕ್ಕೆ ಹೊಕ್ಕು ಜೌಗಿನೊಳಗೆ ಮಾಯವಾಯಿತು. ಬೇರೆ ದಾರಿ ಕಾಣದೆ ವೆಂಡೆಲ್ ತುದಿ ಮುಂದಕ್ಕೆ ಬಾಗಿದ ತನ್ನ ಹಳೆಯ ರಿಕರ್ವ್ ಬಿಲ್ಲು ಹೊತ್ತುಕೊಂಡು ಕಾರ್ಬನ್ ಬಾಣ ಕೇಳಲು ಬಂದ. ಲೋರ್ನಾ ಬಿಲ್ಲನ್ನು ಅವನಿಂದ ಎಳೆಸಿ ನೋಡಿದಳು. ಆರು ಬಾಣ ಆರಿಸಿ, ಅವನ ತೋಳಿನಳತೆಗೆ ಕತ್ತರಿಸಿ, ಐದಕ್ಕೆ ಗರಿ ಅಂಟಿಸಿದಳು. ಒಂದನ್ನು ಪರೀಕ್ಷೆಗೆಂದು ಬೋಳಾಗಿ ಬಿಟ್ಟಳು. ಕಾರ್ಬನ್ ಬಾಣ ಹಗುರ, ಗಡಸು. ಮೊನೆಗೆ ತೂಕ ಕೂಡಿಸಿದಷ್ಟೂ ಅದು ಹೆದೆ ಬಿಟ್ಟಾಗ ಬಳುಕುತ್ತದೆ. ಗಡಸು ಹೆಚ್ಚಾದರೆ ಬೋಳು ಬಾಣ ಎಡಕ್ಕೆ ಹೋಗುತ್ತದೆ, ಬಳುಕು ಹೆಚ್ಚಾದರೆ ಬಲಕ್ಕೆ. ತೂಕ ಕೂಡಿಬಂದರೆ ನೆಟ್ಟಗೆ.

ನಿಜ ಹೇಳಬೇಕೆಂದರೆ, ಮೊದಲ ವಾರವೇ ನೆಟ್ಟಗೆ ಹೋಗಿತ್ತು. ಮನೆಯ ಹಿತ್ತಲಲ್ಲಿ ಹುಲ್ಲಿನ ಪಿಂಡಿಯ ನಟ್ಟನಡುವೆ ನಿಂತ ಆ ಬಾಣವನ್ನು ವೆಂಡೆಲ್ ಯಾರೂ ನೋಡಬಾರದೆಂಬಂತೆ ಬೇಗನೆ ಕಿತ್ತುಕೊಂಡ. ಬಾಣ ಸರಿಯಾಯಿತು ಎಂದರೆ ಅಂಗಡಿಯ ಕೆಲಸ ಮುಗಿಯಿತು. ಆ ಒಲೆ, ಆ ಕುರ್ಚಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ತಕ್ಕಡಿ ನೋಡುವ ಆ ಮುಖ, ಎಲ್ಲ ಮುಗಿಯಿತು. ಹಾಗಾಗಿ ಆ ಶನಿವಾರ ಬಂದು ಎಡಕ್ಕೆ ಹೋಗುತ್ತಿದೆ ಎಂದುಬಿಟ್ಟ. ಅವಳು ಇನ್ನೂ ಭಾರದ ಮೊನೆ ಕೊಟ್ಟಳು. ಮುಂದಿನ ಶನಿವಾರವೂ ಎಡಕ್ಕೆ ಎಂದ. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಆಸಾಮಿ, ಒಂದೇ ಸುಳ್ಳನ್ನು ಹಿಡಿದುಕೊಂಡು ಕೂತ.

ಇವತ್ತು ಲೋರ್ನಾ ತಕ್ಕಡಿ ತೆಗೆಯಲಿಲ್ಲ. ಕೈಯಲ್ಲಿ ಬಾಣವನ್ನು ಒಂದು ಸುತ್ತು ತಿರುಗಿಸಿ ನೋಡಿ, ಬಿಲ್ಲು ಗಾಡಿಯಲ್ಲಿದೆಯೇ ಎಂದು ಕೇಳಿದಳು. ಇದೆ ಎಂದು ಬಾಯಿ ತಪ್ಪಿ ಹೇಳಿದ.

"ಹಾಗಾದ್ರೆ ಹಿಂದುಗಡೆ ಬಾ. ನನ್ನೆದುರಿಗೇ ಒಂದು ಬಿಡು."

ಅಂಗಡಿಯ ಹಿಂದೆ ಮೇಪಲ್ ಮರಗಳು ಕೆಂಪೇರಿದ್ದವು. ಸೋಮವಾರ ಬೇಟೆ ಶುರು. ವೆಂಡೆಲ್ ಹೆದೆ ಏರಿಸಿ ಪಿಂಡಿಯೆದುರು ನಿಂತ. ಬೆರಳನ್ನು ಒಂದಿಷ್ಟು ತಿರುಚಿದರೆ ಬಾಣ ಎಡಕ್ಕೆ ಹೋದೀತು ಎಂದು ಲೆಕ್ಕ ಹಾಕಿದ. ಆದರೆ ಹುಡುಗನಾಗಿದ್ದಾಗಿನಿಂದ ಬಿಲ್ಲು ಹಿಡಿದ ಕೈ ಅವನ ಮಾತು ಕೇಳಲಿಲ್ಲ. ಬಾಣ ಗೇಣುದ್ದ ಬಲಕ್ಕೆ ಹೋಗಿ ನಾಟಿತು.

"ಎಡ ಬಲ ಗೊತ್ತಿಲ್ವೇನೋ ನಿಂಗೆ?" ಎಂದಳು ಲೋರ್ನಾ. "ಇಷ್ಟು ಭಾರದ ಮೊನೆ ಹಾಕಿದ್ಮೇಲೆ ಅದು ಎಡಕ್ಕೆ ಹೋಗೋಕೆ ಸಾಧ್ಯವೇ ಇಲ್ಲ ಮಾರಾಯ. ಎರಡನೇ ಶನಿವಾರವೇ ನಂಗೆ ಅನುಮಾನ ಬಂತು."

ಅವಳೇ ಹೋಗಿ ಬಾಣ ಕಿತ್ತು ತಂದಳು. ಭಾರದ ಮೊನೆ ಬಿಚ್ಚಿ, ಏಪ್ರನ್ನಿನ ಜೇಬಿನಿಂದ ಮೊದಲ ವಾರದ ಮೊನೆ ತೆಗೆದು ತಿರುಪಿ ಕೊಟ್ಟಳು. ವೆಂಡೆಲ್ ಬಿಟ್ಟ. ಬಾಣ ಎಳೆದು ಕಟ್ಟಿದ ದಾರದಂತೆ ಹೋಗಿ ನಡುವೆ ನಾಟಿತು. ಅಷ್ಟು ಚೆಂದದ ಹೊಡೆತ ನೋಡಿ ಅಷ್ಟು ಸಂಕಟಪಟ್ಟವನು ಆ ಸೀಮೆಯಲ್ಲೇ ಇನ್ನೊಬ್ಬನಿರಲಿಕ್ಕಿಲ್ಲ.

"ಕಾರ್ಲ್ ಇದ್ದಿದ್ರೆ ಅರ್ಧ ಗಂಟೆಯ ಕೆಲಸ ಅಂತಿದ್ದ" ಎಂದಳು ಅವಳು, ಮೆಲ್ಲಗೆ.

"ಕಾರ್ಲ್ ಇದ್ದಿದ್ರೆ ನಾನೂ ಅರ್ಧ ಗಂಟೆಗೆ ಎದ್ದು ಹೋಗ್ತಿದ್ದೆ." ವೆಂಡೆಲ್ ಬಿಲ್ಲಿನ ಹೆದೆ ಇಳಿಸುತ್ತ, ತಲೆ ಎತ್ತದೆ ಹೇಳಿದ. "ಬಾಣ ನೆಟ್ಟಗಾದ್ರೆ ನಾನಿಲ್ಲಿಗೆ ಏನಂತ ಬರ್ಲಿ, ಲೋರ್ನಾ? ವಾರವಿಡೀ ಈ ಒಂದು ಬೆಳಿಗ್ಗೆಗೆ ಕಾಯ್ತೀನಿ ನಾನು."

ಲೋರ್ನಾ ಪಿಂಡಿಯಿಂದ ಬಾಣ ಕಿತ್ತುಕೊಂಡಳು, ಅವನ ಗಾಡಿಯಲ್ಲಿದ್ದ ಉಳಿದ ಐದನ್ನೂ ಎತ್ತಿಕೊಂಡು ಒಳಗೆ ಹೋದಳು. ವೆಂಡೆಲ್ ಅಂಗಳದಲ್ಲೇ ನಿಂತ. ಈ ವಯಸ್ಸಿನಲ್ಲಿ ಇಂಥ ಮಾತು ಆಡಬಾರದಿತ್ತು ಅನ್ನಿಸಿತು, ಆಡದೆ ಸತ್ತಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದೂ ಅನ್ನಿಸಿತು. ಒಳಗಿನಿಂದ ಹಿತ್ತಾಳೆಯ ತಿರುಪು ಬಿಗಿಯುವ ಕಿರ್ರೆಂಬ ಸದ್ದು ಬಹಳ ಹೊತ್ತು ಬರುತ್ತಿತ್ತು. ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಿದ್ದಾಳೆ ಎಂದುಕೊಂಡ.

ಅವಳು ಹೊರಬಂದು ಗರಿಯಿರುವ ಐದು ಬಾಣಗಳನ್ನು ಅವನ ಕೈಗಿಟ್ಟಳು. ಐದಕ್ಕೂ ಮೊದಲ ವಾರದ ತೂಕವನ್ನೇ ಹಾಕಿದ್ದಳು.

"ಇವು ಬೇಟೆಗೆ."

ಆಮೇಲೆ ಬೋಳು ಬಾಣವನ್ನು ಕೊಟ್ಟಳು. ಅದರ ತುದಿಯಲ್ಲಿ ಅಂಗಡಿಯಲ್ಲಿದ್ದ ಅತಿ ಹಗುರದ ಮೊನೆ ಇತ್ತು.

"ಇದು ಮಾತ್ರ ಈಗ ನಿಜವಾಗ್ಲೂ ಎಡಕ್ಕೆ ಹೋಗುತ್ತೆ. ಶನಿವಾರ ತಗೊಂಡು ಬಾ."